ಏಳೆಸಳಿನ ಚುಕ್ಕಿ

"ನೀನು ಯಾವತ್ತು ಈ ಮನೆ ಬಿಟ್ಟು ಬೇರೆ ಕಡೆ ಮಲಗ್ತೀಯೋ, ಅವತ್ತು ನಾನು ಹೊಲಿದ ಕೌದಿ ಹೊದ್ಕೊಂಡೇ ಮಲಗ್ತೀಯ. ಮಾತು ಕೊಟ್ಟಿದೀನಿ. ಈಗ ಬಾಯಿ ಮುಚ್ಕೊಂಡು ನಿದ್ದೆ ಮಾಡು."

ತಾಯಿ ಮಗಳಿಗೆ ಕೊಟ್ಟ ಮಾತು ಇದು. ಮಗಳಿನ್ನೂ ಆಗ ಒಂದನೇ ಕ್ಲಾಸು. ದೊಡ್ಡವರಾದ ಮೇಲೆ ಎಲ್ಲರೂ ಮನೆ ಬಿಟ್ಟು ಹೋಗಲೇಬೇಕು ಎಂದು ಶಾಲೆಯಲ್ಲಿ ಯಾರೋ ಅವಳ ತಲೆ ಕೆಡಿಸಿ ಕಳಿಸಿದ್ದರು. ಅತ್ತೂ ಅತ್ತೂ ಬಿಕ್ಕಳಿಕೆ ಹಿಡಿದಿತ್ತು. ಗೋಡೆಯ ಕಡೆ ತಿರುಗಿ ಮಲಗಿದ್ದ ಅಪ್ಪ, "ನನಗೂ ಒಂದು ಮಾತು ಕೊಡೇ, ನಾಳೆ ಕೆಲಸಕ್ಕೆ ರಜ ಅಂತ" ಎಂದು ಗೊಣಗಿ, ಉತ್ತರಕ್ಕೆ ಕಾಯದೆ ಗೊರಕೆ ಹೊಡೆದಿದ್ದ.

ಅಪ್ಪನ ಕೆಲಸ ಬಸ್ಸಿನ ಸೀಟು ಹೊಲಿಯುವುದು. ಹರಿದ ರೆಕ್ಸಿನ್ ಕಿತ್ತು, ಸವೆದ ಸ್ಪಂಜು ತೆಗೆದು, ಹೊಸದು ತುಂಬಿ, ದಪ್ಪ ಸೂಜಿಯಲ್ಲಿ ಹೊಲಿದು ಬಿಗಿಯುವ ಕೆಲಸ. ಬೀದಿಯವರೆಲ್ಲ ಅವನನ್ನು ಸೀಟಪ್ಪ ಎಂದೇ ಕರೆಯುತ್ತಿದ್ದರು. ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಬಟ್ಟೆಯ ಸುಕ್ಕು ತೆಗೆದು, ಮನೆಗೆ ಬಂದು ತಮ್ಮದೇ ಹಳೆಯ ಬಟ್ಟೆಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂರುತ್ತಿದ್ದಳು.

ಅವಳಿಗೆ ಬರುತ್ತಿದ್ದುದು ಒಂದೇ ನಮೂನೆ, ಅವಳ ತಾಯಿ ಕಲಿಸಿದ್ದು: ಎಂಟೆಸಳಿನ ಚುಕ್ಕಿ. ಎರಡು ಕಡೆ ಚೂಪಾದ ಎಂಟು ಎಸಳುಗಳನ್ನು ಮೂತಿಗೆ ಮೂತಿ ತಾಗಿಸಿ ಸುತ್ತ ಜೋಡಿಸಿದರೆ ಒಂದು ಚುಕ್ಕಿ. ಸುತ್ತ ಬಿಳಿ ಬಟ್ಟೆ ಕೂರಿಸಿದರೆ ಒಂದು ಚೌಕ. ಇಂಥ ಹನ್ನೆರಡು ಚೌಕ ಸೇರಿದರೆ ಕೌದಿಯ ಮೇಲ್ಪದರ. ಅದು ಪೂರ್ತಿಯಾದ ಮೇಲೆಯೇ ಒಳಗೆ ಹಳೆಯ ಬಟ್ಟೆಯ ಪದರ, ಕೆಳಗೆ ಅಸ್ತರು. ಕಾಗದದ ಅಚ್ಚಿಲ್ಲ, ಟೇಪಿಲ್ಲ. ಬಟ್ಟೆಯ ಮೇಲೆ ಬೆರಳು ಜೋಡಿಸಿ ಇಟ್ಟು, ಪಕ್ಕದಲ್ಲಿ ಸೋಪಿನ ಚೂರಿನಿಂದ ಗೆರೆ ಎಳೆದು ಕತ್ತರಿಸುವಳು. ಮಗಳ ಮೊದಲ ಫ್ರಾಕಿನದೊಂದು ಚುಕ್ಕಿ, ಗಂಡನ ಚೌಕಳಿ ಅಂಗಿಯದೊಂದು, ತನ್ನ ತಾಯಿಯ ದಿಂಬಿನ ಚೀಲದ್ದೊಂದು. ಪುರುಸೊತ್ತಿದ್ದಾಗ ಹೊಲಿಯುವುದು, ಇಲ್ಲದಿದ್ದರೆ ಇಲ್ಲ. ವರ್ಷಕ್ಕೊಂದು ಚುಕ್ಕಿ ಆದರೆ ಹೆಚ್ಚು.

"ಮಗಳು ಮುದುಕಿ ಆದ್ಮೇಲೆ ಮುಗಿಯತ್ತೆ ಬಿಡು" ಎಂದು ಸೀಟಪ್ಪ ರೇಗಿಸುತ್ತಿದ್ದ.

"ಆಗಲೂ ಚಳಿ ಆಗತ್ತೆ ರೀ" ಎನ್ನುವಳು ಅವಳು.

ಹನ್ನೊಂದು ಮುಗಿದವು. ಕೊನೆಯದು ತನ್ನ ತಲೆಬಟ್ಟೆಯದು ಎಂದು ಹೇಳಿಟ್ಟಿದ್ದಳು. ಲಾಂಡ್ರಿಯ ಹಬೆಗೆ ಕೂದಲು ಮುಖದ ಮೇಲೆ ಬೀಳದಂತೆ ಕಟ್ಟಿಕೊಳ್ಳುತ್ತಿದ್ದ ಮೂರು ಮೂಲೆಯ ನೀಲಿ ಬಟ್ಟೆ ಅದು. ಕಾಯಿಲೆ ಬಂದು ಕೂದಲೆಲ್ಲ ಉದುರಿದ ಮೇಲೂ ಅದನ್ನೇ ಕಟ್ಟಿಕೊಂಡಿದ್ದಳು. ಆಮೇಲೆ ಸೂಜಿ ಹಿಡಿಯಲು ಆಗಲಿಲ್ಲ. ಆಮೇಲೆ ಏನನ್ನೂ ಹಿಡಿಯಲು ಆಗಲಿಲ್ಲ. ಅವಳು ಹೋದ ಮೇಲೆ ಆ ಬಟ್ಟೆ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲೇ ಉಳಿಯಿತು. ಕೌದಿಯ ಮೇಲ್ಪದರ, ಒಂದು ಮೂಲೆ ಖಾಲಿಯಾಗಿ, ಮಗಳ ಕೋಣೆಯ ಬೀರುವಿನಲ್ಲಿ ಮಡಿಸಿ ಕೂತಿತು.

ಮಗಳು ನರ್ಸಿನ ಕೋರ್ಸು ಮುಗಿಸಿದಳು. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಮುಂದಿನ ಸೋಮವಾರ ಹೊರಡಬೇಕು, ಹಾಸ್ಟೆಲಿನಲ್ಲಿ ಇರಬೇಕು. ಅದನ್ನು ಕೇಳಿದಾಗ ಸೀಟಪ್ಪನಿಗೆ ಸಂತೋಷವಾಯಿತು. ಅದರ ಬೆನ್ನಿಗೇ ಹೆಂಡತಿ ಕೊಟ್ಟಿದ್ದ ಕೌದಿಯ ಮಾತು ನೆನಪಾಯಿತು. ಹೆಂಡತಿ ಮಲಗಿದ್ದ ದಿನಗಳಲ್ಲಿ ಔಷಧದ ಖರ್ಚಿಗೆಂದು ಅವನು ಎರಡೆರಡು ಪಾಳಿ ಮಾಡಿದ್ದ. ಅವಳ ಪಕ್ಕ ಕೂತು ಒಂದು ಲೋಟ ನೀರು ಕುಡಿಸಿದ ನೆನಪೂ ಅವನಿಗೆ ಸರಿಯಾಗಿ ಇರಲಿಲ್ಲ. ಅವಳ ಮಾತನ್ನಾದರೂ ತಾನು ಉಳಿಸಬೇಕು ಎಂದುಕೊಂಡ. ಮಗಳಿಗೆ ಹೇಳಬಾರದು, ಹೊರಡುವ ದಿನ ಕೈಗಿಡಬೇಕು.

ಹೆಂಡತಿಯ ತಂಗಿ ಬೇಕರಿಯೊಂದರ ಗಲ್ಲಾದ ಪಕ್ಕ ಬ್ರೆಡ್ಡು ಕಟ್ಟಿಕೊಡುವ ಕೆಲಸದಲ್ಲಿದ್ದಳು. ಅಲ್ಲಿಗೆ ಹೋಗಿ ವಿಷಯ ಹೇಳಿದ.

"ನೀವು ಚುಕ್ಕಿ ಹೊಲೀತೀರಾ ಭಾವ? ಅದರ ಮೇಲೆ ಟಿಕೆಟ್ ತಗೊಂಡು ಕೂರಬೇಕಾ?"

"ಹಾಗಾದ್ರೆ ನೀನೇ ಹೊಲಿದು ಕೊಡು."

"ನನಗೆ ಗುಂಡಿ ಹಾಕೋಕೂ ಬರಲ್ಲ. ಅಮ್ಮ ಕಲಿಸೋಕೆ ಕೂತಾಗೆಲ್ಲ ನನಗೆ ತಲೆನೋವು, ಅಕ್ಕನಿಗೆ ಸೂಜಿ. ಅಳತೆ ಒಂದು ಗೊತ್ತು. ಎಸಳಿನ ಒಂದೊಂದು ಮಗ್ಗುಲೂ ನಾಲ್ಕು ಬೆರಳು. ಕಿವಿ ತೂತು ಬೀಳೋ ಹಾಗೆ ಕೇಳಿದೀನಿ ಅದನ್ನ."

ನಾಲ್ಕು ಬೆರಳು. ಇಷ್ಟು ಗೊತ್ತಾದರೆ ಸಾಕು ಎಂದುಕೊಂಡ ಸೀಟಪ್ಪ. ಜೀವಮಾನವೆಲ್ಲ ಹೊಲಿದವನು ತಾನು. ಬೀರು ತೆಗೆದು ಹಳೆಯ ಚುಕ್ಕಿಯ ಪಕ್ಕ ಕೈ ಇಟ್ಟು ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಮಗಳು ಬಟ್ಟೆಬರೆ ಕೊಳ್ಳಲು ಹೊರಗೆ ಹೋದಾಗ ತಲೆಬಟ್ಟೆಯನ್ನು ಮೊಳೆಯಿಂದ ತೆಗೆದು, ಮಡಿಸಿ, ಬುತ್ತಿ ಚೀಲಕ್ಕೆ ಹಾಕಿಕೊಂಡ.

ಮಧ್ಯಾಹ್ನ ಊಟದ ಬಿಡುವಿನಲ್ಲಿ, ವರ್ಕ್‌ಶಾಪಿನ ಮೂಲೆಯಲ್ಲಿ, ಬೆನ್ನು ಮುರಿದ ಸೀಟೊಂದರ ಮೇಲೆ ಕೂತು ಬಟ್ಟೆ ಹರಡಿದ. ನಡುವೆ ನೂಲು ಸವೆದು ಜರಡಿಯಂತಾಗಿತ್ತು. ಒಂದು ಕಡೆ ಇಸ್ತ್ರಿಯ ಸುಟ್ಟ ಕಲೆಗಳು. ಗಂಟು ಬೀಳುತ್ತಿದ್ದ ಎರಡು ತುದಿಗಳಲ್ಲಿ ಮಾತ್ರ ಬಣ್ಣ ಕಡುನೀಲಿಯಾಗಿ ಹೊಸದರಂತೆ ಇತ್ತು. ಗಟ್ಟಿಯಿರುವ ಕಡೆ ಬೆರಳಿಟ್ಟ. ದಬ್ಬಣ ತಳ್ಳಿ ತಳ್ಳಿ ದಪ್ಪಗಾದ, ತುದಿಯಲ್ಲಿ ಕಾಯಿ ಕಟ್ಟಿದ ನಾಲ್ಕು ಬೆರಳು. ಅದರ ಆಚೆಗೆ, ತನಗೇ ಗೊತ್ತಿಲ್ಲದಂತೆ, ಇನ್ನೂ ಒಂದು ಬೆರಳು ಬಿಟ್ಟು ಗೆರೆ ಎಳೆದ. ಸೀಟಿನವರ ಕೈ ಹಾಗೆಯೇ: ಎಳೆದು ಬಿಗಿಯಲು ಯಾವಾಗಲೂ ಒಂದು ಬೆರಳು ಹೆಚ್ಚಿಗೆ ಬೇಕು, ಕಡಿಮೆಯಾದರೆ ಇಡೀ ಹಾಳೆ ದಂಡ. ಕಡಿಮೆ ಬಿದ್ದೀತು ಎಂಬ ಭಯ ಬಿಟ್ಟರೆ ಆ ಕೈಗೆ ಬೇರೆ ಭಯ ಗೊತ್ತಿಲ್ಲ.

ಎಂಟನೆಯ ಎಸಳಿಗೆ ಬಟ್ಟೆ ಉಳಿಯಲಿಲ್ಲ. ಸುಟ್ಟ ಕಲೆಯ ಚೂರುಗಳನ್ನು ತಿರುಗಿಸಿ ಇಟ್ಟು ನೋಡಿದ, ಅಡ್ಡಡ್ಡ ಇಟ್ಟು ನೋಡಿದ. ಬೆರಳು ಮುಟ್ಟಿದರೇ ಹರಿಯುವ ಬಟ್ಟೆ ಅದು. ಕೊನೆಗೆ ಇದ್ದ ಏಳನ್ನೇ ಸುತ್ತ ಜೋಡಿಸಿದ. ಎಳೆದರೆ ಸುತ್ತು ತುಂಬೀತು ಎಂದು ಎಳೆದ. ರೆಕ್ಸಿನ್ ಎಳೆದರೆ ಮಾತು ಕೇಳುತ್ತದೆ. ಹಳೆಯ ಹತ್ತಿ ಬಟ್ಟೆ ಸೊಟ್ಟಗಾಗುತ್ತದೆ. ನಡುವೆ ಏಳು ಮೂತಿಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ಗುಡ್ಡೆಯಾಗಿ ನಿಂತವು. ಸುತ್ತ ಬಿಳಿ ಬಟ್ಟೆ ಕೂರಿಸಿ, ಎಂಟನೆಯದರ ಜಾಗಕ್ಕೂ ಅದರದೇ ಒಂದು ತೇಪೆ ಹಾಕಿದ. ಎರಡು ಎಸಳು ಕಡುನೀಲಿ, ಐದು ಮಾಸಲು, ಒಂದು ಇಲ್ಲವೇ ಇಲ್ಲ. ಇಡೀ ಚುಕ್ಕಿ ಒಂದು ಮಗ್ಗುಲಿಗೆ ವಾಲಿತ್ತು.

ಪಕ್ಕದ ವೆಲ್ಡಿಂಗ್‌ನವನು ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದ. "ಏನು ಸೀಟಪ್ಪ, ಚುಕ್ಕಿಗೆ ಹಲ್ಲು ಬಿದ್ದಿದೆ."

"ವಯಸ್ಸಾಯ್ತು ಅದಕ್ಕೂ" ಎಂದ ಸೀಟಪ್ಪ. ಆದರೆ ಅವನ ಕಣ್ಣಿಗೆ ಅದು ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಬಹಳ ದಿನಗಳ ಮೇಲೆ ಅವಳಿಗಾಗಿ ಒಂದು ಕೆಲಸ ಮಾಡಿ ಮುಗಿಸಿದಂತೆ ಅನಿಸಿತು.

ಭಾನುವಾರ ಸಂಜೆ ನಾದಿನಿ ಬ್ರೆಡ್ಡು, ಬಿಸ್ಕತ್ತು ಹಿಡಿದುಕೊಂಡು ಮಗಳನ್ನು ಕಾಣಲು ಬಂದಳು. ಮಗಳು ಪೆಟ್ಟಿಗೆ ತುಂಬುತ್ತಿದ್ದಳು. ಸೀಟಪ್ಪ ಒಳಗೆ ಚಹಾ ಸೋಸುತ್ತಿದ್ದಾಗ ಮಗಳು ಬಂದು ಅಡುಗೆಮನೆಯ ಬಾಗಿಲನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಿದಳು.

"ಅಪ್ಪಾ, ಅಮ್ಮನ ತಲೆಬಟ್ಟೆ ಎಲ್ಲಿ?"

ಬೆಳಗಿನವರೆಗೆ ಗುಟ್ಟು ಕಾಯೋಣವೆಂದು, "ಒಗೆಯೋಕೆ ಹಾಕಿದ್ದೆ" ಎಂದುಬಿಟ್ಟ.

ಮಗಳು ಹೊಸ್ತಿಲ ಮೇಲೆ ಕೂತಳು. "ಒಗೆದುಬಿಟ್ಯಾ? ಅದರಲ್ಲಿ ಅಮ್ಮನ ತಲೆ ವಾಸನೆ ಇತ್ತಪ್ಪ. ಬೆಳಿಗ್ಗೆ ಹಾಲು ಕಾಯಿಸೋಕೆ ಬಂದಾಗೆಲ್ಲ ಒಂದ್ಸಲ ಮೂಗಿಗೆ ಹಿಡ್ಕೋತಿದ್ದೆ. ಅದನ್ನ ತಗೊಂಡು ಹೋಗೋಣ ಅಂತ ಇದ್ದೆ."

ಅವಳಿಗೂ ಅದು ಬೇಕಿತ್ತೆಂದು ಅಪ್ಪನಿಗೆ ಗೊತ್ತೇ ಇರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಆ ಬಾಗಿಲ ಹಿಂದೆ ನಿಲ್ಲುತ್ತಿದ್ದರು.

"ಇಲ್ಲ ಇಲ್ಲ, ಒಗೆದಿಲ್ಲ" ಎಂದು ಬುತ್ತಿ ಚೀಲಕ್ಕೆ ಕೈ ಹಾಕಿದ. ಒಗೆಯಲಿಲ್ಲ ಎಂಬುದೇ ದೊಡ್ಡ ಸಿಹಿ ಸುದ್ದಿ ಎಂಬಂತೆ ಚೌಕವನ್ನು ತೆಗೆದು ಅವಳ ಮಡಿಲಲ್ಲಿಟ್ಟ. "ನೋಡು. ನಿನ್ನ ಕೌದಿಯ ಕೊನೇ ಚುಕ್ಕಿ."

ಮಗಳು ಅದನ್ನು ತಿರುಗಿಸಿ ನೋಡಿದಳು. ಮೂಗಿಗೆ ಹಿಡಿದಳು. ಅದಕ್ಕೆ ವರ್ಕ್‌ಶಾಪಿನ ಅಂಟಿನ ವಾಸನೆ ಹತ್ತಿತ್ತು.

"ಏಳೇ ಇದೆ."

"ಬಟ್ಟೆ ಸಾಲಲಿಲ್ಲ ಮಗಾ."

"ಎಂಟು ತೆಗೆದು ಮಿಕ್ಕಿದ್ದರಲ್ಲಿ ನನಗೊಂದು ಕರ್ಚೀಫು ಮಾಡಿಕೊಡ್ತೀನಿ ಅಂದಿದ್ದಳು ಅಮ್ಮ."

ನಾದಿನಿ ಬೀರುವಿನಿಂದ ಮೇಲ್ಪದರವನ್ನು ತಂದು ನೆಲಕ್ಕೆ ಹಾಸಿದಳು. ಖಾಲಿ ಮೂಲೆಯಲ್ಲಿ ಸೀಟಪ್ಪನ ಚೌಕವನ್ನು ಇಟ್ಟರು. ಅದು ತನ್ನ ಜಾಗ ತುಂಬಿ, ಅಕ್ಕಪಕ್ಕದ ಚುಕ್ಕಿಗಳ ಮೇಲೆ ಹತ್ತಿ ಕೂತಿತು, ಬಸ್ಸಿನಲ್ಲಿ ಎರಡು ಜನರ ಜಾಗ ಹಿಡಿಯುವ ಆಸಾಮಿಯ ಹಾಗೆ.

ಮಗಳು ತಾಯಿಯ ಎಸಳೊಂದರ ಅಂಚಿಗೆ ತನ್ನ ಬೆರಳು ಜೋಡಿಸಿದಳು. ನಾಲ್ಕು ಬೆರಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆಮೇಲೆ ಅಪ್ಪನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟಳು. ಅವನ ಮೂರೇ ಬೆರಳಿಗೆ ಎಸಳು ಮುಗಿದುಹೋಯಿತು. ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೀಟಪ್ಪ ಕೈ ಹಿಂದಕ್ಕೆಳೆದು ತೊಡೆಯ ಕೆಳಗೆ ಇಟ್ಟುಕೊಂಡ.

"ಬೆರಳು ಅಂದೆ, ಯಾರ ಬೆರಳು ಅಂತ ನಾನೂ ಹೇಳಲಿಲ್ಲ" ಎಂದಳು ನಾದಿನಿ ಮೆಲ್ಲಗೆ. ಆಮೇಲೆ ಸುಧಾರಿಸಿಕೊಂಡು, "ಈಗೇನು, ಪಕ್ಕದ ಚೌಕಗಳ ಅಂಚು ಸ್ವಲ್ಪ ಸವರಿದ್ರೆ ಇದು ಕೂರತ್ತೆ. ಒಳಗೆ ಎರಡು ಹಳೇ ಸೀರೆ ಇಟ್ಟು ಹೇಗೋ ಹೊಲಿದ್ರೆ ಬೆಳಿಗ್ಗೆಗೆ ಕೌದಿ ಆಗತ್ತೆ" ಎಂದಳು.

"ಅಮ್ಮ ಹೊಲಿದಿದ್ದಕ್ಕೆ ಕತ್ತರಿ ಹಾಕೋದು ಬೇಡ ಚಿಕ್ಕಮ್ಮ."

"ಹಾಗಾದ್ರೆ ನಿಮ್ಮಪ್ಪಂದನ್ನೇ ಸವರೋಣ."

ಸೀಟಪ್ಪ ಆಗಲೇ ಕತ್ತರಿ ಎತ್ತಿಕೊಂಡಿದ್ದ. ಅಳತೆಗೆ ತರಬೇಕಾದರೆ ಏಳು ಎಸಳಿನ ತುದಿಯೂ ಹೋಗಬೇಕು. ಉಳಿಯುವುದು ಚುಕ್ಕಿಯಲ್ಲ, ಮೊಂಡು ಬಿಲ್ಲೆ. ಆದರೂ ಆದೀತು ಎಂದು ಮೊದಲ ತುದಿಗೆ ಕತ್ತರಿಯ ಬಾಯಿ ತೆರೆದ. ಮಗಳು ಅಂಗೈಯನ್ನು ನಡುವೆ ಇಟ್ಟಳು.

"ಇದನ್ನೂ ಕತ್ತರಿಸಿದ್ರೆ ಅಮ್ಮಂದು ಏನು ಉಳಿಯತ್ತೆ ನನಗೆ? ಸಾಕು ಅಪ್ಪಾ."

"ಬೇರೆ ಬಟ್ಟೆಯದೊಂದು ಮಾಡ್ತೀನಿ. ರಾತ್ರಿಯೆಲ್ಲ ಕೂರ್ತೀನಿ."

"ಕೊನೇದು ತನ್ನದು ಅಂತ ಅಮ್ಮನೇ ಹೇಳಿದ್ದಲ್ವಾ?"

"ಮಾತು ಕೊಟ್ಟಿದ್ದಳು ಕಣೇ. ನಾಳೆ ನೀನು ಅಲ್ಲಿ ಮಲಗ್ತೀಯ. ನಾಳೇನೇ ಅಲ್ವಾ ಅದು?"

"ಕೊಟ್ಟಿದ್ದು ಅಮ್ಮ, ನೀನಲ್ಲ" ಎಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನೀನು ಯಾಕೆ ಒಬ್ಬನೇ ಕೂತು ಹೊಲಿದೆ? ಕೇಳಿದ್ರೆ ನನ್ನ ಕೈ ಕೊಡ್ತಿರಲಿಲ್ವಾ?"

ಮನೆಯಲ್ಲಿ ಕಾಯಿಲೆ ಇದ್ದಾಗಲೂ ಸೀಟಪ್ಪ ಹಾಗೆಯೇ, ಒಬ್ಬನೇ, ಹೊರಗೆಲ್ಲೋ ದುಡಿದು ಎಲ್ಲವನ್ನೂ ಸರಿಮಾಡುತ್ತೇನೆಂದು ಹೊರಟಿದ್ದ. ಕತ್ತರಿಯನ್ನು ಮುಚ್ಚಿ ಚಾಪೆಯ ಮೇಲಿಟ್ಟ. ಕತ್ತರಿಸದೆ ಕೂರಿಸಲಾಗದು, ಕೂರಿಸದೆ ಕೌದಿ ಆಗದು. ನಾದಿನಿ ತಣ್ಣಗಾದ ಚಹಾವನ್ನು ಮತ್ತೆ ಬಿಸಿ ಮಾಡಲು ಎದ್ದು ಹೋದಳು. ಅಲ್ಲಿ ಅವಳು ಮೂಗು ಒರೆಸಿಕೊಳ್ಳುವುದು ಇಲ್ಲಿಗೆ ಕೇಳಿಸಿತು.

ಮಗಳು ಮೇಲ್ಪದರವನ್ನು ತಾಯಿ ಮಡಿಸುತ್ತಿದ್ದ ಹಾಗೆಯೇ ಮಡಿಸಿ ಬೀರುವಿಗೆ ಇಟ್ಟಳು. ಏಳೆಸಳಿನ ಚೌಕದ ಅಂಚಿನ ನೂಲು ಬಿಡುತ್ತಿತ್ತು. ಅದನ್ನು ಅಪ್ಪನ ಕಡೆ ಚಾಚಿ, "ಸುತ್ತ ಒಂದು ಮಡಿಕೆ ಹೊಲಿದು ಕೊಡು. ಪೆಟ್ಟಿಗೆಯಲ್ಲಿ ಇಟ್ಕೋತೀನಿ" ಎಂದಳು. ಅವನು ಹೊಲಿದು ಕೊಟ್ಟ. ಆ ಒಂದು ಹೊಲಿಗೆ ನೇರವಾಗಿ ಬಂತು.

ಬೆಳಿಗ್ಗೆ ಬಸ್ಸಿಗೆ ಹತ್ತಿಸಲು ಹೋದಾಗ ಪೆಟ್ಟಿಗೆ ಮೇಲಿಟ್ಟು, ಮಗಳ ಸೀಟನ್ನು ಒಮ್ಮೆ ಸವರಿ, ಕೆಳಗಿನ ಅಂಚನ್ನು ಬೆರಳಲ್ಲಿ ಜಗ್ಗಿ ನೋಡಿದ. "ಯಾವನೋ ಅವಸರದಲ್ಲಿ ಹೊಲಿದಿದಾನೆ" ಎಂದ.

"ಅಪ್ಪಾ, ಇಳಿ. ಬಸ್ಸು ಹೊರಡತ್ತೆ."

"ಸ್ವೆಟರ್ ಮೇಲೇ ಇಟ್ಕೊಂಡಿದೀಯಾ?"

"ಇಟ್ಕೊಂಡಿದೀನಿ. ಹೊತ್ತಿಗೆ ಸರಿಯಾಗಿ ತಿನ್ನು. ಇಳಿಯಪ್ಪ."

ಇಳಿದ. ಕಿಟಕಿಯ ಗಾಜು ಹಾಕಿತ್ತು, ಅವಳು ಒಳಗಿನಿಂದ ಏನೋ ಹೇಳಿದ್ದು ಕೇಳಿಸಲಿಲ್ಲ. ಕೇಳಿಸಿದವನಂತೆ ತಲೆಯಾಡಿಸಿದ.

ಆ ರಾತ್ರಿ ಮಗಳು ಹಾಸ್ಟೆಲಿನವರು ಕೊಟ್ಟ ಬೂದು ಕಂಬಳಿ ಹೊದ್ದು ಮಲಗಿದಳು. ತಾಯಿ ಕೊಟ್ಟ ಮಾತು ನಡೆಯಲಿಲ್ಲ.