ಪುಟ್ಟಿಯ ಕಂಬಳಿ

"ಅಕ್ಕಾ, ಇದನ್ನ ಒಗೆದ್ಯಾ?"

ಜಗಲಿಯ ಕುರ್ಚಿಯಲ್ಲಿ ಕೂತಿದ್ದ ಸವಾರ ಕಂಬಳಿಯ ಒದ್ದೆ ಅಂಚನ್ನು ಮೂಗಿಗೆ ಹಿಡಿದು ಮತ್ತೊಮ್ಮೆ ಮೂಸಿದ. ನಿಂಬೆ ಸೋಪಿನ ಘಮ. ಅವನ ಮುಖ ಬಿಳಿಚಿಕೊಂಡಿತು.

"ಒಗೀದೆ ಇನ್ನೇನು ಮಾಡ್ಲಿ? ಸಾಹೇಬ್ರು ಬರೋ ದಿನ ಆ ನಾತ ಇಟ್ಕೊಂಡಿರೋಕಾಗುತ್ತಾ?" ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಬೆಳಗಿನ ಜಾವ ನಿನ್ನ ಮಗಳು ಎದ್ದ ಕೂಡ್ಲೇ ನೆನೆಹಾಕಿದ್ದು. ಮೂರು ಸಲ ನೀರು ಕಪ್ಪಾಯ್ತು ಗೊತ್ತಾ?"

ಅಕ್ಕನಿಗೆ ಇಲ್ಲಿಯ ಪದ್ಧತಿ ಗೊತ್ತಿರಲಿಲ್ಲ. ತಮ್ಮ ಬಿದ್ದ ಸುದ್ದಿ ಕೇಳಿ ಬಯಲುಸೀಮೆಯ ಪೇಟೆಯಿಂದ ಓಡಿಬಂದವಳು ಆಕೆ. ಸವಾರಿ ನಾಯಿಯ ಬೆನ್ನಿನ ಕಂಬಳಿಯನ್ನು ಯಾರೂ ಯಾವತ್ತೂ ಒಗೆಯುವುದಿಲ್ಲ. ಹಳೆಯ ಸವಾರ ಇಳಿದು ಹೊಸಬರು ಹತ್ತುವಾಗ ಅದನ್ನು ಹೊಸಬರು ಎಂಟು ರಾತ್ರಿ ಹೊದ್ದು ಮಲಗಬೇಕು. ಹಳಬನ ಬೆವರಿನ ಜೊತೆ ಹೊಸಬರ ಬೆವರು ಸೇರಬೇಕು. ಒಂಬತ್ತನೆಯ ಬೆಳಿಗ್ಗೆ ನಾಯಿ ಕಂಬಳಿ ಮೂಸಿ, ಇಬ್ಬರೂ ಒಂದೇ ಎಂದು ಒಪ್ಪಿದರೆ ಮಂಡಿಯೂರುತ್ತದೆ. ಒಪ್ಪದಿದ್ದರೆ ಇಲ್ಲ. ಕುದುರೆಗಾದರೂ ಕಡಿವಾಣ ಹಾಕಬಹುದು. ಕುದುರೆಗಿಂತ ಮೊಳ ಎತ್ತರದ ಈ ಪ್ರಾಣಿಯನ್ನು ಕೂರಿಸುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಇಪ್ಪತ್ತೆರಡು ವರ್ಷ ಅವನು ಪುಟ್ಟಿಯ ಬೆನ್ನೇರಿ, ರಸ್ತೆಯಿಲ್ಲದ ಕಣಿವೆಯ ಆಚೆಗಿನ ಊರುಗಳಿಗೆ ಔಷಧಿಯ ಪೆಟ್ಟಿಗೆ ಹೊತ್ತಿದ್ದ. ಮರಿಯಾಗಿದ್ದಾಗ ಇಟ್ಟ ಹೆಸರು ಅದು. ಪುಟ್ಟಿ ಬೆಳೆದಳು, ಹೆಸರು ಬೆಳೆಯಲಿಲ್ಲ. ಅಷ್ಟು ವರ್ಷ ಪ್ರಪಾತದ ಅಂಚಿನಲ್ಲಿ ಓಡಾಡಿದವನು ಸೊಂಟ ಮುರಿದುಕೊಂಡದ್ದು ಮಾತ್ರ ಬಚ್ಚಲುಮನೆಯಲ್ಲಿ, ಸೋಪಿನ ಚೂರಿನ ಮೇಲೆ ಕಾಲಿಟ್ಟು. ಈ ಮನೆಗೂ ಸೋಪಿಗೂ ಆಗಿಬರುವುದಿಲ್ಲ ಎಂದು ಅವನಿಗೆ ಈಗ ಅನ್ನಿಸಿತು. ಆದರೆ ನಗು ಬರಲಿಲ್ಲ. ಎಂಟು ರಾತ್ರಿ ಕಂಬಳಿ ಹೊದ್ದ ಅವನ ಮಗಳನ್ನು ಪುಟ್ಟಿ ಇವತ್ತು ಒಪ್ಪದಿದ್ದರೆ ಮಧ್ಯಾಹ್ನದ ಲಾರಿಯಲ್ಲಿ ಪುಟ್ಟಿಯನ್ನು ಇಲಾಖೆಯ ದೊಡ್ಡಿಗೆ ಸಾಗಿಸುತ್ತಾರೆ. ಅಲ್ಲಿ ತಗಡಿನ ಮಾಡಿನ ಕೆಳಗೆ, ಯಾರೂ ಹತ್ತದ ನಾಯಿಗಳು ಸಾಯುವವರೆಗೆ ಬಿದ್ದುಕೊಂಡಿರುತ್ತವೆ.

ಇಲಾಖೆಯ ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮಗಳು ಕಂಬಳಿಯನ್ನು ಅಂಗಳದ ನಡುವೆ ಹಾಸಿದಳು. ಲಾಯದಿಂದ ಹೊರಬಂದ ಪುಟ್ಟಿ ತಲೆ ತಗ್ಗಿಸಿ ಮೂಸಿದಳು, ಸೀನಿದಳು. ಸೀನಿನ ರಭಸಕ್ಕೆ ಸಾಹೇಬರ ಕೈಯ ಕಾಗದ ಹಾರಿ ಬೇಲಿಗೆ ಸಿಕ್ಕಿಕೊಂಡಿತು. ಪುಟ್ಟಿ ಬೆನ್ನು ತಿರುಗಿಸಿ ನಿಂತಳು.

"ಇನ್ನೊಂದ್ಸಲ ನೋಡಮ್ಮಾ," ಎಂದರು ಸಾಹೇಬರು ಹುಡುಗಿಗೆ, ಕಾಗದ ಬಿಡಿಸಿಕೊಳ್ಳುತ್ತ. ಕೆಟ್ಟ ಮನುಷ್ಯರಲ್ಲ. "ಆಮೇಲೆ ಒಪ್ಪಲಿಲ್ಲ ಅಂತ ನಾನು ಬರೀಲೇಬೇಕಾಗುತ್ತೆ."

"ಎಲ್ಲಾ ನನ್ನಿಂದಾಗಿದ್ದು," ಅಕ್ಕ ಬಾಗಿಲ ಬಳಿ ಕಣ್ಣೊರೆಸಿಕೊಂಡಳು. "ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ?"

ಹೇಳದೇ ಇದ್ದದ್ದು ಸವಾರನೇ.

ಮಗಳು ಕಂಬಳಿಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಸ್ನಾನ ಮಾಡು ಮಾಡು ಅಂತ ದಿನಾ ನನ್ನ ಜೀವ ತಿಂದ್ರಲ್ಲ, ನಾನು ಮಾಡೇ ಇಲ್ಲ. ಕಂಬಳಿ ಹೊದ್ದಾಗಿಂದ ಒಂದು ತಂಬಿಗೆ ನೀರೂ ಮೈಮೇಲೆ ಹಾಕ್ಕೊಂಡಿಲ್ಲ."

"ಥೂ!" ಎಂದಳು ಅತ್ತೆ, ಅಳುವಿನ ನಡುವೆಯೇ.

ಹುಡುಗಿ ಕಂಬಳಿಯನ್ನು ಕಾಲಿನಿಂದ ಆಚೆ ಸರಿಸಿ, ಜಡೆ ಬಿಚ್ಚಿಕೊಂಡು, ಪುಟ್ಟಿಯ ಸುತ್ತ ಬಳಸಿ ಅವಳ ಮೂಗಿನ ಮುಂದೆ ಹೋಗಿ ನಿಂತಳು. ಆ ಮೂಗು ಹುಡುಗಿಯ ಮುಖದಷ್ಟೇ ಅಗಲವಿತ್ತು. ಪುಟ್ಟಿ ಕೂದಲು ಮೂಸಿದಳು, ಕತ್ತು ಮೂಸಿದಳು, ತೋಳಿನ ಉದ್ದಕ್ಕೂ ಇಳಿದು ಬೆರಳ ತುದಿಯವರೆಗೆ ಬಂದು ಮತ್ತೆ ಕತ್ತಿಗೇ ಹೋದಳು. ಅಂಗಳದಲ್ಲಿ ಆ ಉಸಿರಿನದೊಂದೇ ಸದ್ದು. ಅವಳ ಬಾಲ ಒಮ್ಮೆ, ಒಂದೇ ಒಂದು ಸಲ ಅಲ್ಲಾಡಿತು. ಆಮೇಲೆ ಮುಂಗಾಲುಗಳು ಮಡಿಚಿಕೊಂಡವು, ಎದೆ ನೆಲ ಮುಟ್ಟಿತು, ಬೂದುಬಣ್ಣದ ಆ ದೇಹವೆಲ್ಲ ನಿಧಾನವಾಗಿ, ಎಷ್ಟೋ ಹೊತ್ತು ಹಿಡಿಯಿತೇನೋ ಎನ್ನುವಂತೆ, ಒಬ್ಬ ಹುಡುಗಿಯ ಮುಂದೆ ಇಳಿಯಿತು.

ಸವಾರನ ಬಾಯಿ ತೆರೆದೇ ಇತ್ತು. ಇಷ್ಟು ವರ್ಷ ಅವನು ಪುಟ್ಟಿ ಮಂಡಿಯೂರಿದ್ದನ್ನು ದೂರ ನಿಂತು ಕಂಡವನೇ ಅಲ್ಲ; ಕಂಡದ್ದು ಬರೀ ಹೆಗಲು, ಕಿವಿ, ಮುಂದಿನ ದಾರಿ. ಹತ್ತುವುದು, ಹೊರಡುವುದು, ಅಷ್ಟೇ. ಇವಳು ಇಷ್ಟು ದೊಡ್ಡವಳೇ? ಇಷ್ಟು ದೊಡ್ಡವಳು ದಿನಾ ಬೆಳಿಗ್ಗೆ ನನ್ನಂಥವನ ಮುಂದೆ ಹೀಗೆ ಇಳಿಯುತ್ತಿದ್ದಳೇ? ಅವನಿಗೆ ಮೈ ಜುಮ್ಮೆಂದಿತು. ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದದ್ದು ಅವರಿಗೇ ಗೊತ್ತಾದಂತೆ ಕಾಣಲಿಲ್ಲ.

ಮಗಳು ಬರಿಬೆನ್ನಿನ ಮೇಲೇ ಹತ್ತಿದಳು. ಸಾಹೇಬರು ಔಷಧಿಯ ಪೆಟ್ಟಿಗೆಯನ್ನು ಎತ್ತಿಕೊಟ್ಟರು. ಪುಟ್ಟಿ ಎದ್ದು ಗೇಟಿನವರೆಗೆ ನಡೆದು, ಅಲ್ಲಿ ನಿಂತುಬಿಟ್ಟಳು. ಕತ್ತು ತಿರುಗಿಸಿ ಕುರ್ಚಿಯಲ್ಲಿದ್ದವನನ್ನೇ ನೋಡಿದಳು.

"ಅಪ್ಪಾ, ಹೋಗ್ತಿಲ್ಲ ಇವಳು!"

ಅವನು ಎದುರಿಗಿರುವಾಗ ಅವನನ್ನು ಬಿಟ್ಟು ಹೊರಟ ಅಭ್ಯಾಸ ಪುಟ್ಟಿಗಿಲ್ಲ. ಸಾಹೇಬರು ಪೆನ್ನು ತೆರೆದವರು ಬರೆಯದೆ ಕಾದರು.

"ಅಕ್ಕಾ, ಕುರ್ಚಿ ತಿರುಗಿಸು."

"ಯಾಕೋ? ಮಗಳು ಮೊದಲನೇ ಸಲ ಹೋಗೋದು ನೋಡಲ್ವಾ? ಅದಕ್ಕೇ ಅಲ್ವಾ ನೀನು ಇಷ್ಟು ದಿನ..."

"ಗೋಡೆ ಕಡೆ ತಿರುಗಿಸು ಅಂದೆ."

ಅಕ್ಕ ತಿರುಗಿಸಿದಳು. ಎದುರಿಗೆ ಸುಣ್ಣ ಬಳಿದ ಗೋಡೆ. ಬೆನ್ನಿಗೆ ಎಳೆಬಿಸಿಲು ತಾಗುತ್ತಿತ್ತು. ಅವನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಆಗ ಗೋಡೆಯ ಮೇಲೆ ಕಂಡಿತು: ಸೂರಿನವರೆಗೂ ತುಂಬಿಕೊಂಡ ನಾಯಿಯ ನೆರಳು, ಅದರ ಮೇಲೆ ಜಡೆ ಬಿಚ್ಚಿದ ಹುಡುಗಿ. ನಾಯಿಯ ಕತ್ತು ಇನ್ನೂ ಇತ್ತಲೇ ತಿರುಗಿತ್ತು. ಸ್ವಲ್ಪ ಹೊತ್ತು ಹಾಗೇ ಇದ್ದು, ಮುಂದಕ್ಕೆ ಹೊರಳಿತು. ನೆರಳು ಕಿಟಕಿಯನ್ನು ದಾಟಿತು, ಗಡಿಯಾರವನ್ನು ದಾಟಿತು. ಗೋಡೆಯ ಅಂಚು ತಲುಪುವ ಮುಂಚೆ ನೆರಳಿನ ಹುಡುಗಿ ಕೈಯೆತ್ತಿ ಬೀಸಿದಳು.

ಸವಾರ ಗೋಡೆಯ ಕಡೆಗೇ ಕೈಯೆತ್ತಿದ.