ಹೊಕ್ಕುಳಬಳ್ಳಿ ಮನೆಗೆ ಬಂತು

ಕೆನಡಾದ ಉತ್ತರದಲ್ಲಿ, ಹೊಳೆದಂಡೆಯಲ್ಲಿ, ಕ್ರೀ ಎಂಬ ಮೂಲನಿವಾಸಿ ಜನರ ಊರಿನಲ್ಲಿ ಒಂದು ಕ್ಯಾನ್ ಹಾಲಿಗೆ ಹದಿನಾರು ಡಾಲರ್. ವಿಮಾನದಲ್ಲಿ ಪಟ್ಟಣಕ್ಕೆ ಹೋಗಿಬರಲು ಸಾವಿರದ ಮೇಲೆ. ಹೆರಿಗೆಗೆ ಹೋಗುವವರಿಗೆ ಮಾತ್ರ ಟಿಕೆಟ್ಟು ಸರ್ಕಾರದ್ದು. ಇಪ್ಪತ್ತರ ಹುಡುಗಿ ಕೇಲೀನ್‌ಗೆ ಆ ಬಿಟ್ಟಿ ಟಿಕೆಟ್ಟೇ ಎಲ್ಲಕ್ಕಿಂತ ದುಬಾರಿ ಅನ್ನಿಸಿತ್ತು.

ಊರಲ್ಲಿ ಹೆರಿಗೆ ಮಾಡಿಸುವವರಿರಲಿಲ್ಲ. ದಿನ ತುಂಬುವ ಮೊದಲೇ ಬಸುರಿಯರನ್ನು ಪಟ್ಟಣಕ್ಕೆ ಕಳಿಸುತ್ತಿದ್ದರು. ಅದಕ್ಕೇ ಕೇಲೀನ್ ದವಾಖಾನೆಯಲ್ಲಿ "ಈಗಿನ್ನೂ ಏಳು ತಿಂಗಳು" ಎಂದು ಸುಳ್ಳು ಹೇಳಿದ್ದಳು. ಆಗಲೇ ಒಂಬತ್ತಕ್ಕೆ ಬಿದ್ದಿತ್ತು.

ಆರೋಗ್ಯ ಕಾರ್ಯಕರ್ತೆ ಡಾರ್ಲಾ ಮನೆಗೆ ಬಂದಾಗ ಕೇಲೀನ್‌ಳ ಅಜ್ಜಿ ಹೆಬ್ಬಾತಿನ ಪುಕ್ಕ ಕೀಳುತ್ತಿದ್ದಳು. ಊರಿಗೆಲ್ಲ ಆಕೆ ಕೋಕುಮ್, ಅಂದರೆ ಅಜ್ಜಿ.

"ಮೆಟ್ಟಿನ ದಾರ ಯಾಕೇ ಕಟ್ಟಿಲ್ಲ?" ಡಾರ್ಲಾ ಕೇಲೀನ್‌ಳ ಕಾಲು ನೋಡಿದಳು.

"ಕೂಡ್ತಿಲ್ಲಕ್ಕಾ. ಕಾಲು ಊದಿದೆ. ತಲೇನೂ ಸಿಡೀತಿದೆ."

ಡಾರ್ಲಾ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು. ತೀರಾ ಹೆಚ್ಚಿತ್ತು. "ನಿಜ ಹೇಳು. ಎಷ್ಟು ತಿಂಗಳು?"

ಕೇಲೀನ್‌ಗೆ ಅಳು ಬಂತು. "ಒಂಬತ್ತು. ನಾನು ಹೋಗಲ್ಲಕ್ಕಾ! ನಮ್ಮ ದೊಡ್ಡಕ್ಕ ಅಲ್ಲಿ ಒಬ್ಬಳೇ ಹೆತ್ತಳು. ನೋವು ಅಂದ್ರೆ 'ಎಷ್ಟು ಕುಡಿದಿದ್ದೀಯ' ಅಂದ್ರಂತೆ. ನಮ್ಮ ಮುಖ ಕಂಡ್ರೆ ಅವರಿಗೆ ಅದೊಂದೇ ಹೊಳೆಯೋದು. ನಮ್ಮೆಲ್ಲರ ಹೊಕ್ಕುಳಬಳ್ಳಿ ಈ ದಂಡೆ ಮಣ್ಣಲ್ಲಿದೆ. ನನ್ನ ಮಗೂದು ಆಸ್ಪತ್ರೆ ಕಸದಬುಟ್ಟೀಲಿ. ಅದು ಎಲ್ಲಿಯದು ಅನ್ನಿಸ್ಕೋಬೇಕು?"

"ಎಲಾ ಪೆದ್ದಿ!" ಎಂದಳು ಕೋಕುಮ್. "ಬಳ್ಳಿ ಹುಟ್ಟಿದ ದಿನವೇ ಉದುರುತ್ತೇನೇ? ಒಣಗಿ ಬೀಳೋಕೆ ವಾರವೋ ಹತ್ತು ದಿನವೋ ಬೇಕು. ನಿಮ್ಮಮ್ಮನದು ಬೇಟೆ ಬಿಡಾರದಿಂದ ತಂಬಾಕಿನ ಡಬ್ಬೀಲಿ ತಂದಿದ್ದೆ. ಇದನ್ನೂ ತರ್ತೀವಿ."

"ತರ್ತೀವಿ ಅಂದ್ರೆ? ನೀನೂ ಬರ್ತೀಯಾ?"

"ಬರಬಹುದು," ಎಂದಳು ಡಾರ್ಲಾ. "ಹೆರಿಗೆಗೆ ಹೋಗೋಳ ಜೊತೆ ಇನ್ನೊಬ್ಬರಿಗೂ ಟಿಕೆಟ್ಟು, ಊಟ, ಇರೋಕೆ ಜಾಗ ಕೊಡ್ತಾರೆ. ಕೇಳಬೇಕು. ನಿಮ್ಮಕ್ಕನಿಗೆ ಯಾರೂ ಹೇಳಿರಲಿಲ್ಲ. ಆದ್ರೆ ಇವತ್ತೇ ಹೊರಡಬೇಕು. ಈ ಒತ್ತಡಕ್ಕೆ ಫಿಟ್ಸ್ ಬಂದ್ರೆ ನೀನೂ ಇಲ್ಲ, ಮಗೂನೂ ಇಲ್ಲ."

ಕೇಲೀನ್ ಅಜ್ಜಿಯ ಮುಖ ನೋಡಿದಳು. "ನೀನು ಬರೋದಾದ್ರೆ ಹೋಗ್ತೀನಿ."

ಕೋಕುಮ್ ಪುಕ್ಕ ಕೊಡವಿ ಎದ್ದಳು. "ಹಾರೋದು ಅಂದ್ರೆ ಎದೆ ನಡುಗುತ್ತೆ ನಂಗೆ. ಇರ್ಲಿ, ಈ ಹೆಬ್ಬಾತಿನ ಗತಿ ಆಗದಿದ್ರೆ ಸಾಕು."

ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಒಬ್ಬಳು ಕೇಳಿಯೇಬಿಟ್ಟಳು: "ಏನಾದ್ರೂ ಕುಡಿದಿದ್ದಾಳಾ?"

"ಕುಡಿದಿದ್ದಾಳೆ, ನನ್ನ ಕೈಯ ಚಹಾ," ಎಂದಳು ಕೋಕುಮ್. "ಈಗ ಒತ್ತಡ ನೋಡಿ."

ನೋಡಿದರು. ಆಮೇಲೆ ಯಾರೂ ತಡಮಾಡಲಿಲ್ಲ. ಮರುದಿನ ಹೆಣ್ಣುಮಗು ಹುಟ್ಟಿತು.

ಓದುವ ಅಕ್ಕತಂಗಿಯರೇ, ಊರು ಬೇರೆಯಾದರೂ ಭಯ ಇದೇ ಅಲ್ಲವೇ? ತಿಂಗಳು ಮುಚ್ಚಿಡಬೇಡಿ. ಕಾಲು ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಅಂದೇ ತೋರಿಸಿ. ಬಸುರಿಯನ್ನು ಒಂಟಿಯಾಗಿ ಕಳಿಸಬೇಡಿ. ಬಾಯಿಬಿಟ್ಟು ಮಾತಾಡಬಲ್ಲ ಒಬ್ಬರು ಜೊತೆಗಿರಲಿ. ಯಾರೋ ಹಗುರಾಗಿ ಆಡಿದರೆಂದು ಜೀವ ಪಣಕ್ಕಿಡಬೇಡಿ.

ಕೇಲೀನ್‌ಗೆ ಊರಲ್ಲೇ ಹೆರುವ ಆಸೆ ಕೈಗೂಡಲಿಲ್ಲ. ಆದರೆ ತಾಯಿ ಉಳಿದಳು, ಮಗಳು ಉಳಿದಳು, ಬಳ್ಳಿ ಹೊಳೆದಂಡೆಯ ಮಣ್ಣು ಸೇರಿತು.