ಚಾಕಿ ತಟ್ಟೆಗೆ ಹಾಸಿದ ಪ್ಲಾನು

“ವೈರ್ ಎಳಿಯೋನು ವೈರ್ ಎಳ್ಕೊಂಡಿರ್ಬೇಕು ಕಣ್ಲಾ. ಎಂಟ್ನೇ ಕ್ಲಾಸೂ ದಾಟ್ನಿಲ್ಲ, ನನ್ ಬಿಲ್ಡಿಂಗ್ ಕಾಗ್ದ ಕೇಳಕ್ ಬಂದ್ಬುಟ್ಟ.”

ಹೊಂಗನೂರಿನ ಹಾಲಿನ ಡೈರಿ ಮುಂದೆ, ಕ್ಯಾನು ಹಿಡಿದು ನಿಂತಿದ್ದವರೆಲ್ಲರ ಎದುರು ಅನಂತರಾಜು ಹೀಗೆ ಅಂದ. ಕೆಲವರು ನಕ್ಕರು. ವೈರಿಂಗ್ ಕೆಲಸದ ಅಶ್ವಥ್‌ಗೆ ಮೈಯೆಲ್ಲ ಉರಿದುಹೋಯಿತು. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು?

ಅನಂತರಾಜುವಿನದು ಎರಡು ಅಂತಸ್ತಿನ ಕಟ್ಟಡ. ಕೆಳಗೆ ರೇಷ್ಮೆಯ ಎಳೆ ಹುಳ ಸಾಕುವ ಚಾಕಿ ಕೇಂದ್ರ. ಮೇಲೆ ಸ್ತ್ರೀಶಕ್ತಿ ಸಂಘದ ಹದಿನಾಲ್ಕು ಹೆಂಗಸರು ಬಟ್ಟೆ ಹೊಲಿಯುತ್ತಾರೆ. ಅಶ್ವಥ್‌ನ ತಂಗಿ ಪುಟ್ಟಿಯೂ ಅವರಲ್ಲಿ ಒಬ್ಬಳು. ಹುಳಕ್ಕೆ ಸೊಪ್ಪು ತರುವ ಆಟೋ ನೇರ ಒಳಗೇ ಬರಲಿ ಎಂದು ಅನಂತರಾಜು ಕೆಳಗಿನ ನಡುಗೋಡೆ ಒಡೆಸಲು ಹೊರಟಿದ್ದ. ಸೋಮವಾರ ಕೆಲಸ ಶುರು. ಲೈಟು ರಿಪೇರಿಗೆ ಹೋಗಿದ್ದ ಅಶ್ವಥ್, ಆ ಗೋಡೆಯ ನೆತ್ತಿಯ ಮೇಲೇ ಹೊಲಿಗೆ ಮಿಷನ್ನುಗಳ ಸಾಲು ಇರುವುದನ್ನು ಕಂಡಿದ್ದ. ಒಡೆಯುವ ಮುಂಚೆ ಒಮ್ಮೆ ಪ್ಲಾನು ನೋಡಣ್ಣ ಅಂದಿದ್ದ. ಅಷ್ಟೇ.

ಅದೇ ಸಿಟ್ಟಿನಲ್ಲಿ ಅವನು ಪ್ರತಿಮಾಳ ಮನೆಗೆ ಹೋದ. ಅವಳು ಚನ್ನಪಟ್ಟಣದಲ್ಲಿ ಒಬ್ಬ ಎಂಜಿನಿಯರ್ ಹತ್ತಿರ ಮನೆಗಳ ಪ್ಲಾನು ಬರೆಯುವವಳು. ಜಗಳದಿಂದ ಗೋಡೆ ಉಳಿಯುವುದಿಲ್ಲ ಎಂದು ಅವನನ್ನು ಸಮಾಧಾನ ಮಾಡಿ, ಅವನ ಜೊತೆ ತಾನೂ ಅನಂತರಾಜುವಿನ ಮನೆಗೆ ಹೊರಟಳು.

ಅನಂತರಾಜು ಕುರ್ಚಿ ಬಿಟ್ಟು ಏಳಲಿಲ್ಲ. “ನಮ್ಮಪ್ಪ ಕಟ್ಸಿದ್ದು. ಇಪ್ಪತ್ತೆರಡು ವರ್ಷದಿಂದ ನಿಂತೈತೆ. ಏನು, ಕಾಗ್ದ ಹಿಡ್ಕೊಂಡು ನಿಂತಿತ್ತಾ?”

“ಆ ಗೋಡೆ ಹಿಡ್ಕೊಂಡೇ ನಿಂತಿರ್ಬೋದಲ್ಲಣ್ಣ,” ಅಂದಳು ಪ್ರತಿಮಾ. “ಅದನ್ನ ಯೋಳೋದು ಪ್ಲಾನೇಯ.”

ಅನಂತರಾಜು ಗೊಣಗುತ್ತಲೇ ಅಟ್ಟದಿಂದ ಅಪ್ಪನ ತಗಡಿನ ಪೆಟ್ಟಿಗೆ ಇಳಿಸಿದ. ಅಪ್ಪ ಬೋರಲಿಂಗಯ್ಯ ತೀರಿಕೊಂಡು ಮೂರು ವರ್ಷ. ಅಂದಿನಿಂದ ಮಗ ಅದರ ಮುಚ್ಚಳ ತೆಗೆದಿರಲಿಲ್ಲ. ಒಳಗೆ ಏನೂ ಇರಲಿಲ್ಲ.

ಬಾಗಿಲ ಬಳಿ ನಿಂತಿದ್ದ ತಾಯಿ ಕೆಂಚಮ್ಮ ಮೆಲ್ಲಗೆ ಬಾಯಿಬಿಟ್ಟಳು. ಹೋದ ವರ್ಷ ಚಾಕಿ ತಟ್ಟೆಗೆ ಹಾಸುವ ಕಾಗದ ಸಾಲಲಿಲ್ಲ. ಪೆಟ್ಟಿಗೆಯಲ್ಲಿ ಅಗಲವಾದ, ದಪ್ಪನೆಯ ಹಾಳೆಗಳಿದ್ದವು. ಹಾಸಿದಳು. ಬೆಳೆದ ಹುಳವನ್ನು ರೈತರಿಗೆ ಕೊಟ್ಟುಕಳಿಸಿದ ಮೇಲೆ, ಹುಳದ ಹಿಕ್ಕೆ ಮೆತ್ತಿದ ಆ ಕಾಗದದಿಂದ ಮುಂದಿನ ಬೆಳೆಗೆ ರೋಗ ಬಂದೀತೆಂದು, ಎಲ್ಲರೂ ಮಾಡುವ ಹಾಗೆ ಸುಟ್ಟುಬಿಟ್ಟಳು.

“ಓದಕ್ ಬರ್ದೋಳ್ಗೆ ಎಲ್ಲಾ ಕಾಗ್ದಾನೂ ಒಂದೇಯ ಕಣಪ್ಪ. ಇದು ಮಡಿಕಬೇಕಾದ್ದು ಅಂತ ಯಾರೂ ಯೋಳ್ನಿಲ್ಲ.”

ಅಶ್ವಥ್‌ಗೆ ಅನಂತರಾಜುವನ್ನು ಬೈಯಬೇಕೆನಿಸಿತು. ತಪ್ಪು ಸುಟ್ಟವಳದಲ್ಲ, ಮೂರು ವರ್ಷ ಪೆಟ್ಟಿಗೆ ತೆಗೆದು ನೋಡದವನದು. ಆದರೆ ಮುದುಕಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಎದುರು ಏನಂತ ಬೈಯುವುದು?

ಕಟ್ಟಡಕ್ಕೆ ಅನುಮತಿ ಕೊಟ್ಟಾಗಿನ ಒಂದು ಪ್ರತಿ ಪಂಚಾಯಿತಿಯಲ್ಲಿ ಇರಬಹುದು ಎಂದಳು ಪ್ರತಿಮಾ. ಅಶ್ವಥ್ ಎರಡು ದಿನದ ಕೂಲಿ ಬಿಟ್ಟು ಅಲ್ಲಿಗೆ ಅಲೆದ. ಶನಿವಾರ ಹಳೇ ಬೀರುವಿನ ತಳದಲ್ಲಿ, ಅಂಚು ಇಲಿ ಕಡಿದಿದ್ದ ಪ್ಲಾನು ಸಿಕ್ಕಿತು. ಪ್ರತಿಮಾ ತನ್ನ ಎಂಜಿನಿಯರನ್ನೇ ಕರೆತಂದಳು. ಅವರು ಪ್ಲಾನು ನೋಡಿದರು, ಗೋಡೆ ತಟ್ಟಿದರು, ಮೇಲೆ ಹೋಗಿ ಬಂದರು. ಮೇಲಿನ ಮಹಡಿಯ ಭಾರವೆಲ್ಲ ಆ ನಡುಗೋಡೆಯ ಮೇಲೇ ಕೂತಿತ್ತು. ಒಡೆದಿದ್ದರೆ ಹದಿನಾಲ್ಕು ಜನವೂ ಮಿಷನ್ನಿನ ಸಮೇತ ಕೆಳಗೆ ಬರುತ್ತಿದ್ದರು.

ಅನಂತರಾಜು ಅಲ್ಲಿಂದಲೇ ಮೇಸ್ತ್ರಿಗೆ ಫೋನು ಮಾಡಿ, ಬರಬೇಡಪ್ಪ ಅಂದ.

ಅಂದೇ ಹೊಸ ಫೈಲು ಶುರುವಾಯಿತು. ಪಂಚಾಯಿತಿಯಿಂದ ತೆಗೆಸಿದ ಪ್ಲಾನು, ಅನುಮತಿ ಪತ್ರಗಳ ಪ್ರತಿ, ಎಂಜಿನಿಯರ್ ಬರೆದುಕೊಟ್ಟ ವರದಿ ಅದರೊಳಗೆ ಹೋದವು. ಮೇಲೆ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಎಂದೋ ಮುಗಿದಿತ್ತು. ಅದನ್ನು ತುಂಬಿಸಿ, ತುಂಬಿಸಿದ ತಾರೀಖಿನ ಚೀಟಿಯನ್ನೂ ಸೇರಿಸಿದರು. ಎಲ್ಲದರ ಜೆರಾಕ್ಸ್ ಸಂಘದ ಹೆಂಗಸರ ಬಳಿ, ಫೋಟೋ ಪ್ರತಿಮಾಳ ಫೋನಿನಲ್ಲಿ. ಓದು ಬಾರದವರಿಗೂ ಗುರುತು ಸಿಗಲೆಂದು ಕೆಂಚಮ್ಮ ಫೈಲಿಗೆ ಕೆಂಪು ಬಟ್ಟೆ ಸುತ್ತಿದಳು.

ಅಕ್ಕ, ಅಣ್ಣ, ನಿಮ್ಮ ಮನೆಯ ಪ್ಲಾನು ಈಗ ಎಲ್ಲಿದೆ? ನೀವು ದುಡಿಯುವ ಶೆಡ್ಡಿನದು? ನಿಮ್ಮ ಮಕ್ಕಳು ಕೂರುವ ಶಾಲೆಯದು? ಗೊತ್ತಿಲ್ಲದಿದ್ದರೆ ಇವತ್ತೇ ಹುಡುಕಿ, ಕೇಳಿ. ಸಿಗದಿದ್ದರೆ ಪಂಚಾಯಿತಿಗೆ ಹೋಗಿ ಪ್ರತಿ ತೆಗೆಸಿ. ಒಂದು ಕಡೆ ಇಡಿ, ಇನ್ನೊಂದು ಕಡೆಯೂ ಇಡಿ. ಎಲ್ಲಿದೆ ಎಂದು ಮನೆಮಂದಿಗೆಲ್ಲ ಹೇಳಿ. ಗೋಡೆ ಒಡೆಯುವಾಗ, ಮಹಡಿ ಏರಿಸುವಾಗ ಮೊದಲು ಅದನ್ನು ಬಿಚ್ಚಿ. ಕೇಳಿದವನು ಎಷ್ಟು ಓದಿದ್ದಾನೆಂದು ನೋಡಬೇಡಿ, ಏನು ಕೇಳಿದ ಎಂದು ನೋಡಿ.

ಅಶ್ವಥ್ ಏನು ಮಾಡಿದ ಅಂತೀರಾ? ಮಾರನೇ ವಾರ ತನ್ನ ಎಲೆಕ್ಟ್ರಿಕಲ್ ಕಂಟ್ರಾಕ್ಟರನ್ನು ಕರೆತಂದು ಇಡೀ ಕಟ್ಟಡದ ವೈರಿಂಗ್ ಪರೀಕ್ಷೆ ಮಾಡಿಸಿದ. ವರದಿಗೆ ಸಹಿ ಹಾಕಿಸಿ, ತಾನೇ ಫೈಲಿಗೆ ಸೇರಿಸಿದ. ಅನಂತರಾಜು ಎಲ್ಲರ ಮುಂದೆ ಟೀ ಲೋಟ ಚಾಚಿ, “ತಗಳ್ಲಾ, ಮನ್ಸಲ್ಲಿ ಏನೂ ಮಡಿಕಬ್ಯಾಡ,” ಅಂದ.

ಅಶ್ವಥ್ ಒಮ್ಮೆ ಅವನ ಮುಖ ನೋಡಿದ. ವೈರಿನ ಸುತ್ತು ಹೆಗಲಿಗೇರಿಸಿದ. ಲೋಟ ಮುಟ್ಟದೆ ಮೆಟ್ಟಿಲಿಳಿದು ನಡೆದುಬಿಟ್ಟ.